ನದಿ ನೋಡುವವರ ಬೆನ್ನು

ನಾದಿನೀ, ನಿನ್ನ ಆ ಗೆರೆ ಹಾಕಿದ ಪುಸ್ತಕ ಮುಚ್ಚು.
ಒಂಬತ್ತಕ್ಕೆ ಸಂಸತ್ತು, ಒಂಬತ್ತೂ ನಲವತ್ತಕ್ಕೆ ಸೇತುವೆ,
ಹತ್ತಕ್ಕೆ ಗುಡ್ಡ, ಹನ್ನೊಂದಕ್ಕೆ ದ್ವೀಪ:
ಇದು ತಿರುಗಾಟವೋ, ಭೂಗೋಳದ ಪರೀಕ್ಷೆಯೋ?
ಸೆಗೆದ್‌ನ ಶಾಲೆ ಬಿಟ್ಟು ಆರು ವರ್ಷವಾಯ್ತು, ಎತೆಲ್ಕಾ.
ಇಲ್ಲಿ ಗಂಟೆ ಹೊಡೆಯುವವರು ಯಾರೂ ಇಲ್ಲ.

ನಾಳೆ ಪೆಂತೆಕೋಸ್ತ್ ಸೋಮವಾರ, ಊರಿಗೆ ಊರೇ ರಜೆ.
ಬೇಕರಿಯೂ ಮುಚ್ಚಿರುತ್ತೆ ಅಂತ
ಪೊಗಾಚಾ ಈಗಲೇ ಒಲೆಯೊಳಗಿಟ್ಟಿದ್ದೀನಿ,
ಚೀಸ್ ಕರಗಿದ ವಾಸನೆ ನಿನ್ನ ಮೂಗಿಗೂ ತಟ್ಟಿರಬೇಕು.
ಬೊಡ್ಜಾ ಹೂವಿನ ಶರಬತ್ತು ಹಳೇ ಸೀಸೆಯಲ್ಲಿ.
ಬಿರಡೆ ಸಡಿಲ, ನೆಟ್ಟಗೆ ಹಿಡಿಯಬೇಕು.

ಹೊರಡೋದು ಎದ್ದಾಗ.
ಎದ್ದು, ಕಾಫಿ ಕುಡಿದು,
ಇನ್ನೊಂದು ಕಾಫಿ ಕುಡಿದು.

ಒಳಗಿನಿಂದ ನಿನ್ನಣ್ಣ ಕೂಗ್ತಾನೆ ಕೇಳು,
'ನದಿ ಎಲ್ಲಿಗೂ ಓಡಿಹೋಗಲ್ಲ, ಮಲಗ್ರೇ!'
ಯೆನೋನಿಗೇನು, ಅವನು ದಂಡೆಯಲ್ಲಿ ಗಾಳ ಹಾಕಿಕೊಂಡೇ
ಅರ್ಧ ಆಯಸ್ಸು ಕಳೆದವನು,
ಇವತ್ತಿನವರೆಗೆ ಮನೆಗೆ ತಂದದ್ದು ನೆಗಡಿ.

ನಗಬೇಡ, ಒಂದು ಮಾತು ಹೇಳ್ತೀನಿ.
ಮೂವತ್ತೊಂದು ವರ್ಷ ಎರಡನೇ ನಂಬರಿನ ಟ್ರಾಮು ಓಡಿಸಿದೆ,
ದಿನಕ್ಕೆ ಏಳು ಸಲ ದಂಡೆಗುಂಟ ಹೋಗಿ ಏಳು ಸಲ ಬಂದೆ.
ಹೋಗುವಾಗ ಡ್ಯಾನ್ಯೂಬ್ ಬಲಕ್ಕೆ,
ಬರುವಾಗ ಎಡಕ್ಕೆ.
ನನ್ನ ಕಣ್ಣು ಮಾತ್ರ ಹಳಿಗೆ.
ಜನ ಕಿಟಕಿಗೆ ಮೂಗೊತ್ತಿ 'ಆಹಾ' ಅನ್ನೋರು,
ಆ 'ಆಹಾ' ನನ್ನ ಬೆನ್ನಿಗೆ ಬೀಳೋದು.
ಮುಂದೆ ಹಳಿಯ ಮೇಲೇ ನಿಂತು ಫೋಟೋ ಹಿಡಿಯೋರು,
ಟೋಪಿ, ಜಡೆ, ಬೋಳುತಲೆ, ಹೆಗಲ ಮೇಲಿನ ಮಗು.
ಕಾಲಿಂದ ಗಂಟೆ ಒತ್ತಿದರೆ ಬೆಚ್ಚಿ ಜಿಗಿಯೋರು.
ನದಿ ನನಗೆ ಗೊತ್ತಿಲ್ಲ ಕಣೇ,
ನದಿ ನೋಡುವವರ ಬೆನ್ನು ಗೊತ್ತು.

ಒಂದೇ ಒಂದು ಸಲ,
ಮಹಾಪೂರದ ವರ್ಷ, ನೀರು ಹಳಿಯ ಮೇಲೇ ಹತ್ತಿತು.
ಗಾಡಿ ನಿಲ್ಲಿಸಿದರು. ಇಳಿದು ನೋಡಿದೆ:
ಕಂದು ಬಣ್ಣ, ಯಾರದೋ ಮನೆಯ ಬಾಗಿಲೊಂದು ತೇಲುತ್ತಿತ್ತು,
ಹಿಡಿಕೆ ಸಮೇತ.
ನಾನು ನೋಡಲು ಹೋಗಲಿಲ್ಲವೆಂದು
ಅದೇ ನನ್ನನ್ನು ನೋಡಲು ಬಂದ ಹಾಗಿತ್ತು.

ಸರಿ, ಪೆನ್ಸಿಲ್ ತಗೋ, ಬರಿ.
ಮೊದಲು ತುದಿಯಿಂದ ತುದಿಗೆ ಟ್ರಾಮು, ಕೂತಲ್ಲೇ.
ಹಿಂದಿರುಗುವಾಗ ಹಸಿರು ಸೇತುವೆ ಹತ್ತಿರ ಇಳಿದು
ಮೊಣಕಾಲು ಒಪ್ಪಿದಷ್ಟು ನಡಿಗೆ.
ಗುಡ್ಡ ಬೇಡ, ಗುಡ್ಡ ಇಲ್ಲಿಂದಲೇ ಕಾಣುತ್ತೆ.
ನಿಮ್ಮೂರ ತಿಸಾ ಇದಕ್ಕಿಂತ ಚೆಂದ ಅಂತ
ಮಧ್ಯಾಹ್ನದೊಳಗೆ ಎರಡು ಸಲ ಅನ್ನಬಹುದು,
ಮೂರನೆಯದಕ್ಕೆ ಶರಬತ್ತು ಸಿಗಲ್ಲ.

ಸಂಸತ್ತಿನ ಕೆಳಗೆ, ನೀರಿನಂಚಿಗೆ,
ಕಬ್ಬಿಣದ ಜೋಡುಗಳಿವೆ, ಹೆಂಗಸರದು, ಗಂಡಸರದು,
ಒಂದು ತೀರಾ ಪುಟ್ಟದು.
ಅಲ್ಲಿ ಬುತ್ತಿ ಬಿಚ್ಚೋದು ಬೇಡ.
ನಿಮ್ಮಮ್ಮ ನಮ್ಮಲ್ಲಿಗೆ ಬಂದಾಗಲೂ
ಆ ದಂಡೆಯ ಕಡೆ ಕಾಲಿಡುತ್ತಿರಲಿಲ್ಲ,
ಸೊಸೆಯ ಟ್ರಾಮು ಹತ್ತದೆ
ಸಂತೆಚೀಲ ಹೊತ್ತು ಹಿಂದಿನ ಬೀದಿ ಬಳಸಿ ಬರೋರು.
ಯಾಕೆ ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.
ಸ್ವಲ್ಪ ಹೊತ್ತು ನಿಲ್ಲೋಣ.
ಎಷ್ಟು ಹೊತ್ತು ಅಂತ ಬರೀಬೇಡ.

ಆಮೇಲೆ ಯಾವುದಾದರೂ ಬೆಂಚು.
ಕೂತರೆ ಕೂತೆವು.
ದೋಣಿಗಳನ್ನು ಎಣಿಸೋದು, ಬಿಡೋದು ನಿನ್ನಿಷ್ಟ,
ನೀನು ಮೇಷ್ಟರು.

ಇನ್ನೇನು? ಹಾಂ, ಆಸನ.
ಬಲಗಡೆ, ಕಿಟಕಿ ಪಕ್ಕ, ನನಗೆ.
ಮೂವತ್ತೊಂದು ವರ್ಷದ ಬಾಕಿ, ಜಗಳವಾಡಬೇಡ.
ಓಡಿಸುವವಳ ಕಡೆ ನಾನು ತಿರುಗಲ್ಲ,
ತಿರುಗಿದರೆ ತಿವಿ.
ತಿರುವು ಬಂದಾಗ ನನ್ನ ಬಲಗಾಲು
ಇಲ್ಲದ ಬ್ರೇಕನ್ನು ಒತ್ತಲು ಹೋಗುತ್ತೆ, ನನಗೆ ಗೊತ್ತು.
ಆಗ ನಿನ್ನ ಆ ಭಾರದ ಚೀಲ
ಅದರ ಮೇಲೆ ಇಟ್ಟುಬಿಡು.