ಹನ್ನೊಂದರ ಗೆರೆ

ಜುಲೈ ಬಂತೆಂದರೆ ಅಡುಗೆಮನೆಯ ಗೋಡೆಗೆ ನಕ್ಷೆ ಏರುತ್ತದೆ.
ಹಾರ್ಲನ್ ಕನ್ನಡಕ ಹಣೆಗೇರಿಸಿ
ಕೆಂಪು ಪೆನ್ಸಿಲಿನಲ್ಲಿ ದಾರಿಯುದ್ದಕ್ಕೂ ಗಂಟೆ ಬರೆಯುತ್ತಾನೆ:
ಮೂರೂವರೆಗೆ ಮನೆ ಬಿಡುವುದು,
ಏಳಕ್ಕೆ ಓಕ್ ಮರದ ಒರತೆ,
ಒಂಬತ್ತಕ್ಕೆ ಎರಡು ಬೆಟ್ಟಗಳ ನಡುವಿನ ಜೀನು,
ಹನ್ನೊಂದಕ್ಕೆ, ಎಲ್ಲಿದ್ದರೆ ಅಲ್ಲಿಂದ, ವಾಪಸ್ಸು.

ತುದಿ ಎಷ್ಟಕ್ಕೆ, ಎಂದು ಕೇಳುತ್ತೇನೆ.
ಪೆನ್ಸಿಲು ಕಿವಿಗೆ ಸಿಕ್ಕಿಸಿ ಕಾಫಿ ಸೋಸುತ್ತಾನೆ.

ಮೂವತ್ತೊಂದು ವರ್ಷ ಕರೆಂಟು ಕಂಬ ಹತ್ತಿದವನು.
ಎಡಗೈಯ ಎರಡು ಬೆರಳಿಗೆ ಇವತ್ತಿಗೂ
ಬಿಸಿ ಯಾವುದು ತಣ್ಣಗೆ ಯಾವುದು ತಿಳಿಯದು.
ಮಿಂಚಿಗೆ ಅವನು ಮಿಂಚೆನ್ನುವುದಿಲ್ಲ,
'ಮೇಲಿನ ಲೈನು' ಅನ್ನುತ್ತಾನೆ.
ಆ ಲೈನಿನ ಸ್ವಿಚ್ಚು ಯಾರ ಕೈಯಲ್ಲಿದೆಯೋ
ಯಾವ ಆಫೀಸಿಗೂ ಫೋನು ಮಾಡಿ ಕೇಳುವಂತಿಲ್ಲ.

ನನ್ನ ಅಜ್ಜಿ ಎಲೋದಿಯಾ ನಕ್ಷೆ ಕಂಡವಳಲ್ಲ.
ಸಂತ ಹುವಾನನ ಹಬ್ಬದ ಬೆಳಿಗ್ಗೆ
ಹಿತ್ತಿಲಲ್ಲಿ ನಿಂತು ಸೊನೋರದ ಕಡೆ ಮೂಗೆತ್ತಿ
'ಒಂಬತ್ತು ದಿನ' ಅನ್ನುತ್ತಿದ್ದಳು, ಇಲ್ಲವೇ 'ಹದಿನಾಲ್ಕು'.
ಅರ್ಧಕ್ಕರ್ಧ ತಪ್ಪುತ್ತಿತ್ತು.
ಮಳೆ ಬಿದ್ದ ಮೇಲೆ ಲೆಕ್ಕ ಕೇಳುವವರು ಯಾರು?

ಗುರುವಾರ. ನೂರಕ್ಕೆ ಮೂವತ್ತು, ಅಂದಿತು ರೇಡಿಯೋ.
ಬೆಟ್ಟದ ಯಾವ ಮೂವತ್ತು, ಅದು ಹೇಳಲಿಲ್ಲ.

ಹಣೆದೀಪ ಹಚ್ಚಿ ಹೊರಟೆವು.
ರಾತ್ರಿಯೆಲ್ಲ ಆರದೆ ಉಳಿದ ಬಂಡೆಗಳ ಉಸಿರು
ಮೀನಖಂಡಕ್ಕೆ ತಾಗುತ್ತಿತ್ತು.
ಸಗುವಾರೊ ಕಳ್ಳಿಗಳು ಕೈಯೆತ್ತಿ ಕತ್ತಲಲ್ಲಿ,
ಬುಡದಲ್ಲಿ ಹಕ್ಕಿ ತಿಂದುಳಿದ ಕೆಂಪು ಹಣ್ಣು.
ಬೆಳಕಾಗುವಾಗ ಓಕ್, ಆಮೇಲೆ ಪೈನ್;
ಅದರ ತೊಗಟೆಗೆ ಮೂಗೊತ್ತಿದರೆ ವೆನಿಲಾ ವಾಸನೆ.
ಆಕಾಶ ತೊಳೆದ ಬಟ್ಟಲು.

ಒಂಬತ್ತೂವರೆಗೆ ಒಂದು ಹಿಡಿ ಹತ್ತಿ.
ಹತ್ತೂ ಇಪ್ಪತ್ತಕ್ಕೆ ಹೂಕೋಸು.
ಅಂಚು ಚಾಕುವಿನಲ್ಲಿ ಕೊರೆದ ಹಾಗೆ.
ಹನ್ನೊಂದಕ್ಕೆ ಹತ್ತು ನಿಮಿಷವಿದೆ, ತುದಿ ಕಾಣುತ್ತಿದೆ,
ಕಾಡ್ಗಿಚ್ಚಿನ ಕಾವಲುಗೂಡಿನ ಪಾಯದ ಕಲ್ಲು ಸಹ.
ಇನ್ನೂರೇ ಅಡಿ.
ಮೂರು ಬೇಸಿಗೆ ಹೀಗೇ, ಇದೇ ತಿರುವಿನಲ್ಲಿ.
'ಹಾರ್ಲನ್,' ಅಂದೆ. ಅವನು ಗಡಿಯಾರ ನೋಡಲಿಲ್ಲ,
ಮೊಣಕೈಯ ಕೂದಲು ನೋಡಿಕೊಂಡ.
ಇಳಿದೆವು.

ಎದುರಿಗೊಬ್ಬ ಹುಡುಗ, ಕಿವಿಯಲ್ಲಿ ಹಾಡು,
ನಾವು ಮೋಡ ತೋರಿಸಿದರೆ
ಹೆಬ್ಬೆರಳೆತ್ತಿ ನಕ್ಕು ಮೇಲಕ್ಕೆ ಹೋದ.

ಒಂದು ಹನಿ ಬೀಳಲಿಲ್ಲ.
ಮೋಡ ಪಕ್ಕದ ಬೆಟ್ಟಕ್ಕೆ ಸರಿದು
ಗೊಣಗಿ, ಅಲ್ಲೇ ಎಲ್ಲೋ ಕರಗಿತು.
ನಾನು ಏನೂ ಅನ್ನಲಿಲ್ಲ, ಎರಡು ಮೈಲಿ.
ಅವನೂ ಏನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು.

ಕಾರು ನಿಂತದ್ದು ಒಣಹಳ್ಳದ ಆಚೆ.
ಮುಂಜಾನೆ ಶೂ ಒಳಗೆ ಮರಳು ತುಂಬಿಸಿಕೊಂಡು ದಾಟಿದ್ದೆವು.
ಈಗ ನೀಲಿ ಆಕಾಶದ ಕೆಳಗೆ
ಮೊದಲು ನೊರೆಯ ನಾಲಗೆ ಬಂತು,
ಮೇಲೆ ಇರುವೆ, ಕಡ್ಡಿ, ಮಗುವಿನ ಪ್ಲಾಸ್ಟಿಕ್ ಚಪ್ಪಲಿ;
ಹಿಂದೆಯೇ ಬಂಡೆ ಉರುಳುವ ಸದ್ದು,
ಆಮೇಲೆ ಕಂದು ನೀರು, ಸೊಂಟದೆತ್ತರ, ದಡದಿಂದ ದಡಕ್ಕೆ.
ಹರಿವ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ?
ನಮ್ಮ ಗೋಡೆಯ ಕೆಂಪು ಗಂಟೆಗಳದ್ದಂತೂ ಇರಲಿಲ್ಲ.

ಕೂತೆವು. ಅರ್ಧ ಗಂಟೆಗೆ ಹುಡುಗನೂ ಬಂದ,
ಮೈ ಒಣಗಿಯೇ ಇತ್ತು.
ಹೆಸರು ಈಲಾಯ್. ತುದಿಯ ಫೋಟೊ ತೋರಿಸಿದ,
ಚೆನ್ನಾಗಿತ್ತು, ಹೊಟ್ಟೆ ಉರಿಯುವಷ್ಟು.
ಅವನ ಬಾಟಲಿ ಬರಿದಾಗಿತ್ತು; ನಮ್ಮದರಲ್ಲಿ ಉಳಿದಿತ್ತು.
ಮೂವರೂ ಒಂದೇ ಬುರಿಟೊ ಹರಿದು ತಿಂದು
ನೀರು ಇಳಿಯುವುದನ್ನು ಕಾಯತೊಡಗಿದೆವು.

ಕ್ರಿಯೊಸೋಟ್ ಪೊದೆಗಳಿಂದ ಆ ವಾಸನೆ ಎದ್ದಿತು,
ಅಜ್ಜಿಯ ಮೂಗಿನ ವಾಸನೆ.
ಹಾರ್ಲನ್ ಮಂಡಿಯೂರಿ
ಆ ಎರಡು ಬೆರಳು ನೀರಿಗೆ ಅದ್ದಿ ನನ್ನ ಕಡೆ ತಿರುಗಿದ:
'ಡೆಲ್ಫಿನಾ, ತಣ್ಣಗಿದೆಯೇ?'

ಕೈ ಇಳಿಬಿಟ್ಟೆ.
ಮೇಲೆ, ನಾವು ಮುಟ್ಟದ ಯಾವುದೋ ಬೆಟ್ಟದ ಆಲಿಕಲ್ಲು;
ತಳದಲ್ಲಿ, ಇನ್ನೂ ಆರದ ಮರಳು.
ಎರಡನ್ನೂ ಹೇಳಿದೆ.