ಬಾಕಿ

ಆರು ತಿಂಗಳಿಗೊಂದರಂತೆ ಒಂಬತ್ತು ಪ್ರಗತಿ ವರದಿ.
ಪ್ರಬಂಧ ಎರಡು; ಒಂದು ಮೂರು ಸಲ ವಾಪಸು ಬಂತು.
ನಕಲು ತಪಾಸಣೆ: ಶೇಕಡಾ ಏಳು.
ಮೌಖಿಕದಲ್ಲಿ ಹೊರಗಿನವರು ಕೇಳಿದರು,
ಬಳಚಿನ ವಯಸ್ಸು ಹೇಗೆ ಗೊತ್ತಾಯಿತು?
ಚಿಪ್ಪಿನ ಗೆರೆಗಳಿಂದ, ಅಂದೆ.
ಎಣಿಸಲು ಕಲಿಸಿದ್ದು ಶೇವಂತಿಬಾಯಿಯ
ಹೆಬ್ಬೆರಳಿನ ಉಗುರು, ಅನ್ನಲಿಲ್ಲ.

ಈಗ ಉಳಿದದ್ದು ಸ್ಟೋರಿನ ಸಹಿ.
ಪೆಡ್ನೇಕರರು ರಿಜಿಸ್ಟರಿನ ಮೇಲೆ ಬೆರಳಿಟ್ಟರು:
"ಜರಡಿ ಒಂದು. ಹಿತ್ತಾಳೆ, ದೊಡ್ಡ ಕಣ್ಣಿನದು. ಎಲ್ಲಿ?"

ಕಾಳಿಯ ಇಳಿತದಲ್ಲಿ, ಸೇತುವೆಯ ಕೆಳಗೆ,
ಮೊಣಕಾಲುದ್ದ ಕೆಸರಲ್ಲಿ ನಿಂತು
ಅವಳು ಅದನ್ನು ಅಲ್ಲಾಡಿಸುತ್ತಿದ್ದಾಳೆ.
ಸಣ್ಣವು ಉದುರುತ್ತಿವೆ ನೀರಿಗೆ.
ಮುಂದಿನ ವರ್ಷಕ್ಕಿರಲಿ ಅನ್ನುತ್ತಾಳೆ, ಪ್ರತಿ ಸಲವೂ.

"ಕಳೆದುಹೋಯಿತು ಸರ್."

ನಾನೂರ ಎಂಬತ್ತು ರೂಪಾಯಿ.
ಪೆನ್ನು ಎರಡು ಸಲ ಝಾಡಿಸಿ
ಅವರು ಬರೆದರು:
ಬಾಕಿ ಇಲ್ಲ.