ಮೊಹರು

ವಾಲ್ಪರೈಸೊ ಬಂದರು ಕಚೇರಿಗೆ
ನನ್ನ ಕಾಲದಲ್ಲೇ ನಾಲ್ವರು ನಿರ್ದೇಶಕರು.
ಒಬ್ಬೊಬ್ಬರೂ ಗೋಡೆಗೆ ಬೇರೆ ಬಣ್ಣ ಬಳಿಸಿದರು,
ಇನ್ನು ಎಲ್ಲ ಬದಲು ಅಂದರು.
ನಾವು ಚಪ್ಪಾಳೆ ತಟ್ಟಿದೆವು.

ಆಮೇಲೆ ಕಡತ
ದೋನ್ಯಾ ಎವುಲೋಹಿಯಾಳ ಮೇಜಿಗೆ ಬರುತ್ತಿತ್ತು.
ಮೊಹರು ಅವಳ ಖಾನೆಯಲ್ಲಿ,
ಬೀಗದಕೈ ಕೊರಳಲ್ಲಿ, ಶಿಲುಬೆಯ ಪಕ್ಕ.
ಬೇಡ ಎಂದವಳೇ ಅಲ್ಲ.
ಕನ್ನಡಕ ಒರೆಸುವಳು,
"ಶಾಯಿ ಒಣಗಿದೆ, ಮಗಾ" ಅನ್ನುವಳು.
ಕಿಟಕಿಯಾಚೆ ಕ್ರೇನುಗಳು
ಕೊಕ್ಕೆ ಇಳಿಬಿಟ್ಟು ಕಾಯುತ್ತಿದ್ದವು.

ನಿವೃತ್ತಿಯ ದಿನ ಬೀಗದಕೈ ನನಗೆ ಕೊಟ್ಟಳು,
ಅವಳ ಮೈಬಿಸಿ ಅದರಲ್ಲಿನ್ನೂ ಆರಿರಲಿಲ್ಲ.
ನಿಯಮ ಏನು, ಕೇಳಿದೆ.
ನಕ್ಕಳು.

ಇವತ್ತು ಐದನೆಯವಳು ಬಂದಿದ್ದಾಳೆ.
ಒಳ್ಳೆಯ ಹುಡುಗಿ, ಒಳ್ಳೆಯ ಯೋಜನೆ,
ಹಿಂದೆ ನಾನೇ ಬೇಕೆಂದು ಕೂಗಿದ್ದು.
ಓದಿದೆ. ಮತ್ತೆ ಓದಿದೆ.
ಕನ್ನಡಕ ತೆಗೆದು
ಒರೆಸತೊಡಗಿದೆ.